ವಾಚನದ ವಹಿ

ಇತ್ತೀಚಿನ ಕೆಲವು ವರ್ಷಗಳಿಂದ ನಮ್ಮ ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳ ಕಡೆಯ ಸುಶಿಕ್ಷಿತ ಕುಟುಂಬಗಳಲ್ಲಿ ಒಂದು ಹೊಸ ವ್ರತವು ಕಾಣಬರುತ್ತಲಿದೆ. ಜನವರಿಯ ಮೊದಲನೆಯ ದಿವಸ ‘ಈ ವರ್ಷ ಇಷ್ಟು ಪುಸ್ತಕಗಳನ್ನು ಓದುವೆನು’ ಎಂದು ಸಂಕಲ್ಪ ಮಾಡಿ, ಓದಿ ಮುಗಿಸಿದ ಪ್ರತಿಯೊಂದು ಪುಸ್ತಕವನ್ನೂ ಒಂದು ವಹಿಯಲ್ಲಿ ನಮೂದಿಸುತ್ತ ಹೋಗುವದೇ ಆ ವ್ರತವು. ಕೆಲವರು ಇದನ್ನು ಕಾಗದದ ವಹಿಯಲ್ಲಿ ಇಡುವರು, ಕೆಲವರು ಕೈಯೊಳಗಿನ ಮೊಬೈಲಿನಲ್ಲಿ. ಸಂಖ್ಯೆಯು ಹನ್ನೆರಡರಿಂದ ನೂರರ ವರೆಗೆ, ಅವರವರ ಧೈರ್ಯವಿದ್ದಂತೆ. ಕಳೆದ ಚಳಿಗಾಲದಲ್ಲಿ ಇಂಥ ಆರು ವಹಿಗಳು ನನ್ನ ಕೈಗೆ ಬಂದವು. ಒಂದೆರಡು ಆಪ್ತರ ಮಕ್ಕಳವು, ಉಳಿದವು ಹಳೆಯ ವಿದ್ಯಾರ್ಥಿಗಳವು. ‘ಗುರುಗಳೇ, ಒಮ್ಮೆ ನೋಡಿ ಏನಾದರೂ ಹೇಳಿರಿ’ ಎಂದು ಅವರು ಕೇಳಿಕೊಂಡರು. ಕಾವ್ಯ ಕಾದಂಬರಿಗಳ ವಿಮರ್ಶೆಗೆ ಮೀಸಲಾದ ಈ ಪುಟಗಳಲ್ಲಿ ವಹಿಗಳ ವಿಮರ್ಶೆಗೆ ಎಲ್ಲಿಯ ಸ್ಥಳವೆಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಮನುಷ್ಯನು ಬರೆದದ್ದಕ್ಕೆಲ್ಲ ಒಂದು ಲಕ್ಷಣವಿದ್ದೇ ಇರುವದು. ಲಕ್ಷಣವಿದ್ದ ಮೇಲೆ ಗುಣದೋಷಗಳೂ ಇರತಕ್ಕವು. ವಾಚಕರು ಹೀಗೆಂದು ತಿಳಿದು ಸೈರಿಸಬೇಕು.

ಮೊದಲು ಪೂರ್ವಪಕ್ಷವನ್ನು ನೋಡೋಣ. ನನ್ನ ಸಮವಯಸ್ಕರಲ್ಲಿ ಹಲವರು ಈ ವ್ರತವನ್ನು ಕೇಳಿ ನಗುವರು. ಓದನ್ನು ಎಣಿಸುವದೆಂದರೆ ಊಟದಲ್ಲಿ ಅನ್ನದ ಅಗುಳನ್ನು ಎಣಿಸಿದಂತೆ, ಇದು ಪರದೇಶದ ಹುಚ್ಚು, ನಮ್ಮ ಹಿರಿಯರಿಗೆ ಇದು ಗೊತ್ತಿರಲಿಲ್ಲ ಎಂಬುದು ಅವರ ವಾದವು. ಈ ವಾದದ ಕೊನೆಯ ಭಾಗವನ್ನು ನಾನು ಒಪ್ಪಲಾರೆನು. ನಮ್ಮ ಹಿರಿಯರ ಅಧ್ಯಯನಕ್ಕೆ ವರ್ಷದ ಗಡುವು ಇದ್ದೇ ಇತ್ತು. ಶ್ರಾವಣದಲ್ಲಿ ಉಪಾಕರ್ಮದಿಂದ ವೇದಾಧ್ಯಯನದ ಆರಂಭ, ಪುಷ್ಯ ಮಾಘಗಳಲ್ಲಿ ಉತ್ಸರ್ಜನ. ಅಲ್ಲಿಂದ ಮುಂದೆ ಶುಕ್ಲಪಕ್ಷದಲ್ಲಿ ವೇದ, ಕೃಷ್ಣಪಕ್ಷದಲ್ಲಿ ವೇದಾಂಗಗಳು ಎಂದು ಮನುಸ್ಮೃತಿಯು ಕಟ್ಟು ಹಾಕಿಕೊಟ್ಟಿದೆ. ದಿವಸದ ಪ್ರಮಾಣವೂ ಇತ್ತು. ಪತಂಜಲಿಯ ಮಹಾಭಾಷ್ಯವು ಆಹ್ನಿಕಗಳಾಗಿ ವಿಭಾಗಿಸಲ್ಪಟ್ಟಿದೆ. ಆಹ್ನಿಕವೆಂದರೆ ಒಂದು ದಿವಸದ ಪಾಠವು. ಇಂಥ ಆಹ್ನಿಕಗಳು ೮೫. ಅದರಂತೆಯೇ ನಮ್ಮ ಸೀಮೆಯ ಜೈನ ಗೃಹಸ್ಥರು ಜ್ಯೇಷ್ಠ ಶುಕ್ಲ ಪಂಚಮಿಯ ದಿವಸ, ಅಂದರೆ ಶ್ರುತಪಂಚಮಿಯಂದು, ಗ್ರಂಥಗಳನ್ನು ಹೊರಗೆ ತೆಗೆದು, ಧೂಳು ಝಾಡಿಸಿ ಪೂಜಿಸುವದನ್ನು ಈಗಲೂ ಕಾಣುತ್ತೇವೆ. ವರ್ಷಕ್ಕೊಮ್ಮೆ ಪುಸ್ತಕದ ಲೆಕ್ಕ ನೋಡುವ ಪದ್ಧತಿಯು ಹೊರಗಿನಿಂದ ಬಂದುದಲ್ಲ. ಮತ್ತೊಂದು ಮಾತು: ೧೯೩೩ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಗೆ ಚಂದಾದಾರರಾದ ಮನೆಗಳಲ್ಲಿ ವರ್ಷದ ಓದಿನ ಪ್ರಮಾಣವನ್ನು ಟಪಾಲಿನವನೇ ನಿಶ್ಚಯಿಸುತ್ತಿದ್ದನೆಂದರೂ ಸಲ್ಲುವದು.

ಆದಕಾರಣ ಗುರಿಯಿಡುವದು ದೋಷವಲ್ಲ. ಭೇದವಿರುವದು ಗುರಿಯ ಜಾತಿಯಲ್ಲಿ. ಆಹ್ನಿಕದ ಎಣಿಕೆಯಲ್ಲಿ ಗ್ರಂಥವು ಒಂದೇ, ದಿವಸಗಳು ಅನೇಕ. ಈಗಿನ ವಹಿಯಲ್ಲಿ ವರ್ಷವು ಒಂದೇ, ಗ್ರಂಥಗಳು ಅನೇಕ. ಮತ್ತು ಪಾಠಶಾಲೆಯಲ್ಲಿ ಅನಧ್ಯಾಯವೆಂಬುದೊಂದಿತ್ತು. ಪ್ರತಿಪದೆ, ಅಷ್ಟಮಿ, ಚತುರ್ದಶಿಗಳಲ್ಲಿ ಹೊಸ ಪಾಠವಿಲ್ಲ. ಅಕಾಲದಲ್ಲಿ ಗುಡುಗಿದರೂ ಇಲ್ಲ. ಹುಡುಗರಾದ ನಾವು ಆ ದಿವಸಗಳನ್ನು ಆಟಕ್ಕಾಗಿ ಕಾಯುತ್ತಿದ್ದೆವೆಂಬುದು ನಿಜ. ಆದರೆ ಹಿಂದಿನ ಪಾಠವು ಹೊಟ್ಟೆಯಲ್ಲಿ ಇಳಿಯುತ್ತಿದ್ದದ್ದು ಆಗಲೇ. ನಾನು ನೋಡಿದ ಆರು ವಹಿಗಳಲ್ಲಿ ಅನಧ್ಯಾಯಕ್ಕೆ ಎಡೆಯೇ ಇಲ್ಲ. ಒಂದು ಪುಸ್ತಕವು ಮುಗಿದ ಸಾಯಂಕಾಲವೇ ಇನ್ನೊಂದು ಆರಂಭವಾಗಿದೆ, ಆಗದಿದ್ದಲ್ಲಿ ಪಕ್ಕದಲ್ಲಿ ಪಶ್ಚಾತ್ತಾಪದ ಮಾತಿದೆ.

ಮಹಾಭಾಷ್ಯದ ಮೊದಲನೆಯ ಆಹ್ನಿಕದಲ್ಲಿ ಒಂದು ಕಥೆಯು ಬರುವದು. ಬೃಹಸ್ಪತಿಯಂಥ ಗುರು, ಇಂದ್ರನಂಥ ಶಿಷ್ಯ, ದಿವ್ಯ ಸಹಸ್ರ ವರ್ಷಗಳ ಅವಧಿ. ಒಂದೊಂದೇ ಶಬ್ದವನ್ನು ಹೇಳುತ್ತ ಹೋದರೂ ಶಬ್ದಗಳ ಅಂತವು ಕಾಣಲಿಲ್ಲವಂತೆ. ಹಾಗಿರುವಾಗ ಹೆಚ್ಚೆಂದರೆ ನೂರು ವರ್ಷ ಬಾಳುವ ಈಗಿನವರ ಪಾಡೇನೆಂದು ಭಾಷ್ಯಕಾರನು ಕೇಳಿ, ವಿದ್ಯೆಯು ನಾಲ್ಕು ಕಾಲಗಳಲ್ಲಿ ಸಾರ್ಥಕವಾಗುವದೆಂದು ಹೇಳುತ್ತಾನೆ: ಗುರುವಿನಿಂದ ಪಡೆಯುವ ಕಾಲ, ತಾನೇ ಮನನ ಮಾಡುವ ಕಾಲ, ಪರರಿಗೆ ಹೇಳುವ ಕಾಲ, ವ್ಯವಹಾರದಲ್ಲಿ ಬಳಸುವ ಕಾಲ. ಒಂದೊಂದೇ ಶಬ್ದ ಕಲಿಯುತ್ತ ಕುಳಿತರೆ ಪಡೆಯುವದರಲ್ಲಿಯೇ ಆಯುಷ್ಯವು ತೀರಿಹೋಗುವದೆಂಬುದು ಅವನ ಆಕ್ಷೇಪವು. ವ್ಯಾಕರಣಸೂತ್ರಗಳು ಯಾಕೆ ಬೇಕೆಂಬುದನ್ನು ಹೇಳಲಿಕ್ಕೆ ಅವನು ಈ ಮಾತನ್ನು ಎತ್ತಿದನು. ನನಗಾದರೋ ಈ ವಹಿಗಳನ್ನು ತಿರುವಿಹಾಕುವಾಗ ಅದೇ ಮಾತು ಮತ್ತೆ ಮತ್ತೆ ನೆನಪಾಯಿತು. ಅವುಗಳಲ್ಲಿ ಮೊದಲನೆಯ ಕಾಲದ ಲೆಕ್ಕವು ಮಾತ್ರ ಇದೆ.

ನಮ್ಮ ನಿಪ್ಪಾಣಿಯ ತಂಬಾಕಿನ ವ್ಯಾಪಾರಸ್ಥರ ಭಾಷೆಯಲ್ಲಿ ಹೇಳುವದಾದರೆ ಇವೆಲ್ಲ ರೋಜಕಿರ್ದಿಗಳು, ಖತಾವಣಿಗಳಲ್ಲ. ಕಿರ್ದಿಯಲ್ಲಿ ದಿವಸದ ಕ್ರಮದಿಂದ ಬಂದದ್ದು ಹೋದದ್ದು ಬೀಳುತ್ತದೆ. ಅದನ್ನು ಆಯಾ ಆಸಾಮಿಯ ಖಾತೆಗೆ ಎತ್ತಿ ಬರೆದಾಗಲೇ ಯಾರಿಂದ ಏನು ಬರಬೇಕು, ಯಾರಿಗೆ ಏನು ಕೊಡಬೇಕು ಎಂಬುದು ತಿಳಿಯುವದು. ತಾರೀಖು, ಪುಸ್ತಕ, ಗ್ರಂಥಕರ್ತ, ಪುಟಗಳು, ಅದರ ಮುಂದೆ ಮೂರೋ ನಾಲ್ಕೋ ನಕ್ಷತ್ರಗಳು: ಇಷ್ಟರಿಂದ ಆ ಪುಸ್ತಕಕ್ಕೂ ಓದಿದವನಿಗೂ ನಡೆದ ವ್ಯವಹಾರವೇನೆಂಬುದು ಗೊತ್ತಾಗಲಾರದು. ಒಂದು ವಹಿಯಲ್ಲಿ ಕುಮಾರವ್ಯಾಸಭಾರತದ ಆದಿಪರ್ವಕ್ಕೂ ಪಾಕಶಾಸ್ತ್ರದ ಪುಸ್ತಕವೊಂದಕ್ಕೂ ಸಮಾನವಾಗಿ ನಾಲ್ಕು ನಕ್ಷತ್ರಗಳು ದೊರೆತಿದ್ದವು. ಪಾಕಶಾಸ್ತ್ರದ ಪುಸ್ತಕವು ಒಳ್ಳೆಯದಿರಬಹುದು, ನಾನು ನೋಡಿಲ್ಲ.

ಇಲ್ಲಿ ಕನ್ನಡದ ಒಂದು ಹಳೆಯ ದೃಷ್ಟಾಂತವನ್ನು ತುಸು ವಿಸ್ತಾರವಾಗಿ ಹೇಳಬೇಕೆನಿಸುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಆರಂಭದಲ್ಲಿ ತಾನು ಆಧಾರವಾಗಿ ಇಟ್ಟುಕೊಂಡ ಕವಿಗಳ ಹೆಸರುಗಳನ್ನು ಹೇಳುತ್ತಾನೆ: ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ, ಹೊನ್ನ, ಹಂಪ, ಸುಜನೋತ್ತಂಸ. ಇದು ಒಬ್ಬ ಮಹಾವಾಚಕನ ವಹಿಯೇ ಸರಿ. ಈ ಪಟ್ಟಿಯಲ್ಲಿಯ ಪಂಪನ ಗ್ರಂಥಗಳು ನಮಗೆ ಉಳಿದಿವೆ. ಪೊನ್ನನ ಶಾಂತಿಪುರಾಣವೂ ಉಳಿದಿದೆ. ಅಸಗನ ಸಂಸ್ಕೃತ ಕಾವ್ಯವು ಉಳಿದು ಕನ್ನಡದ್ದು ಅಳಿಯಿತು. ಗಜಗನೆಂಬವನು ಏನು ಬರೆದನು, ಗುಣನಂದಿಯ ಕಾವ್ಯದ ವಸ್ತುವೇನು, ಮನಸಿಜನು ಯಾವ ಛಂದಸ್ಸನ್ನು ಪ್ರೀತಿಸಿದನು, ಇವುಗಳನ್ನು ತಿಳಿಯಲಿಕ್ಕೆ ಅವರ ಗ್ರಂಥವೊಂದೂ ನಮ್ಮ ಕೈಯಲ್ಲಿಲ್ಲ. ಕೇಶಿರಾಜನು ತಾನೇ ಬರೆದ ಚೋಳಪಾಲಕಚರಿತ, ಸುಭದ್ರಾಹರಣ ಮೊದಲಾದವನ್ನೂ ಹೆಸರಿಸಿದ್ದಾನೆ. ಅವೂ ಹೆಸರಾಗಿಯೇ ಉಳಿದವು. ಹೆಸರಿನ ಪಟ್ಟಿಯಷ್ಟೇ ಅವನು ಕೊಟ್ಟಿದ್ದರೆ ನಮಗೆ ಸಿಕ್ಕುತ್ತಿದ್ದದ್ದು ಹತ್ತು ಶಬ್ದಗಳು ಮಾತ್ರ. ಆದರೆ ಅವನು ಅಷ್ಟಕ್ಕೆ ನಿಲ್ಲಲಿಲ್ಲ. ಒಂದೊಂದು ಸೂತ್ರಕ್ಕೂ ತಾನು ಓದಿದ ಕಾವ್ಯಗಳಿಂದ ಪ್ರಯೋಗಗಳನ್ನು ಎತ್ತಿ ಇಟ್ಟನು. ಇಂಥ ಕವಿಯು ಈ ಪ್ರತ್ಯಯವನ್ನು ಹೀಗೆ ಬಳಸಿದನು, ಈ ಸಂಧಿಯನ್ನು ಹೀಗೆ ಮಾಡಿದನು ಎಂಬುದನ್ನು ಓದುವಾಗಲೇ ಕಂಡುಕೊಂಡು ಅದರದರ ಸ್ಥಳದಲ್ಲಿ ಸೇರಿಸಿದನು. ಮುಂದಿನ ವಿದ್ವಾಂಸರು ಆ ಪದ್ಯಗಳ ಬೆನ್ನು ಹತ್ತಿ, ಇದು ಇಂಥ ಕಾವ್ಯದ್ದು, ಇದು ಎಲ್ಲಿಯೂ ಸಿಕ್ಕದ್ದು ಎಂದು ಹುಡುಕುತ್ತ ಹೋದರು. ಅವನ ತಂದೆ ಮಲ್ಲಿಕಾರ್ಜುನನು ಹಿಂದಿನ ಕಾವ್ಯಗಳಿಂದ ವರ್ಣನೆಗಳನ್ನು ಆಯ್ದು ಸೂಕ್ತಿಸುಧಾರ್ಣವವನ್ನು ಕಟ್ಟಿದವನು. ಅಂದಮೇಲೆ ಮಗನು ಈ ಅಭ್ಯಾಸವನ್ನು ಮನೆಯಲ್ಲಿಯೇ ಕಲಿತಿರಬೇಕು. ತಂದೆಯು ಚಂದ್ರೋದಯಕ್ಕೆ ಚಂದ್ರೋದಯವನ್ನೂ, ಸಮುದ್ರಕ್ಕೆ ಸಮುದ್ರವನ್ನೂ ಸೇರಿಸಿದನು. ಮಗನು ವಿಭಕ್ತಿಗೆ ವಿಭಕ್ತಿಯನ್ನು ಸೇರಿಸಿದನು. ಇಬ್ಬರದೂ ಖತಾವಣಿಯೇ.

ಕಾಲಾನುಕ್ರಮದ ಬರಿಯ ವಹಿಯೂ ಒಮ್ಮೊಮ್ಮೆ ಬೆಲೆಯುಳ್ಳದ್ದಾಗುವದೆಂಬುದನ್ನು ನಾನು ಮರೆತಿಲ್ಲ. ಮಹಾತ್ಮಾ ಗಾಂಧಿಯವರು ೧೯೨೨ರ ಮಾರ್ಚದಲ್ಲಿ ಶಿಕ್ಷೆಗೊಳಗಾಗಿ ೧೯೨೪ರ ಫೆಬ್ರುವರಿಯಲ್ಲಿ ಬಿಡುಗಡೆಯಾಗುವ ವರೆಗೆ, ಬಹುಮಟ್ಟಿಗೆ ಯರವಡಾ ತುರಂಗದಲ್ಲಿದ್ದರು. ಆ ಕಾಲದ ಅವರ ದಿನಚರಿಯು ಅತ್ಯಂತ ಶುಷ್ಕವಾದದ್ದು: ಇದನ್ನು ಮುಗಿಸಿದೆ, ಅದನ್ನು ಆರಂಭಿಸಿದೆ, ಇಷ್ಟೇ. ಮಹಾಭಾರತವೂ ಗಿಬ್ಬನ್ನನ ರೋಮ ಸಾಮ್ರಾಜ್ಯದ ಇತಿಹಾಸವೂ ಆ ಕೋಣೆಯಲ್ಲಿ ಮುಗಿದವು. ಆದರೆ ಹೊರಗೆ ಬಂದ ಮೇಲೆ ೧೯೨೪ರಲ್ಲಿ ತಮ್ಮ ಪತ್ರಿಕೆಯಲ್ಲಿ ತುರಂಗದ ಅನುಭವಗಳನ್ನು ಬರೆಯುವಾಗ ಆ ವಾಚನದ ಬಗ್ಗೆಯೂ ವಿವರಿಸಿದರು. ಆಗ ಒಣ ನಮೂದುಗಳಿಗೆ ಜೀವ ಬಂದಿತು. ಸೆರೆಯಲ್ಲಿದ್ದವನಿಗೆ ತಾರೀಖೇ ಒಂದು ಆಧಾರವಾಗಿರಬಹುದು. ನಮ್ಮ ಮನೆಗಳಲ್ಲಿ ಕುಳಿತು ಓದುವವರಿಗೆ ಆ ನೆವವಿಲ್ಲ.

ಇನ್ನು ನಮ್ಮ ಗಡಿನಾಡಿನ ವಹಿಗಳಿಗೆ ವಿಶೇಷವಾದ ಒಂದು ತೊಡಕು. ಕಾಗವಾಡದ ಒಬ್ಬ ಗೃಹಸ್ಥರು ತಮ್ಮ ವಹಿಯಲ್ಲಿ ‘ಕನ್ನಡ’, ‘ಮರಾಠಿ’ ಎಂದು ಎರಡು ಬೇರೆ ಬೇರೆ ಕಾಲಂಗಳನ್ನು ಮಾಡಿ, ವರ್ಷಾಂತ್ಯದಲ್ಲಿ ಎರಡನ್ನೂ ಕೂಡಿಸಿ, ಮರಾಠಿಯ ಮೊತ್ತವು ಹೆಚ್ಚಾದುದಕ್ಕೆ ತಮ್ಮನ್ನು ತಾವೇ ನಿಂದಿಸಿಕೊಂಡಿದ್ದಾರೆ. ಅವರ ಕನ್ನಡದ ಕಾಲಂನಲ್ಲಿ ಗಳಗನಾಥರ ‘ಕನ್ನಡಿಗರ ಕರ್ಮಕಥೆ’ಯಿದೆ. ಅದು ಹರಿ ನಾರಾಯಣ ಆಪಟೆಯವರ ಮರಾಠಿ ‘ವಜ್ರಾಘಾತ’ದ ಆಧಾರದಿಂದ ಬಂದದ್ದು. ಆ ಮರಾಠಿ ಕಾದಂಬರಿಯ ವಸ್ತುವಾದರೋ ವಿಜಯನಗರದ ಪತನ. ಇದನ್ನು ಯಾವ ಕಾಲಂನಲ್ಲಿ ಬರೆಯಬೇಕು? ನಮ್ಮ ಅಜ್ಜಂದಿರು ಲೆಕ್ಕವನ್ನು ಮೋಡಿಯಲ್ಲಿ ಬರೆದು, ಪುರಾಣವನ್ನು ಕನ್ನಡದಲ್ಲಿ ಕೇಳಿ, ಅಭಂಗವನ್ನು ಮರಾಠಿಯಲ್ಲಿ ಹಾಡಿದರು. ಯಾರೂ ಕೂಡಿಸಿ ಕಳೆಯಲಿಲ್ಲ. ಕನ್ನಡವನ್ನು ಹೆಚ್ಚು ಓದಬೇಕೆಂಬ ಆ ಗೃಹಸ್ಥರ ಹಂಬಲವು ಸ್ತುತ್ಯವೇ. ನಾನೂ ಆಯುಷ್ಯವೆಲ್ಲ ಅದನ್ನೇ ಬೋಧಿಸಿದವನು. ಆದರೆ ವರ್ಷದ ಕೊನೆಗೆ ಕನ್ನಡದ ಮೊತ್ತವನ್ನು ಏರಿಸಲೆಂದು ಡಿಸೆಂಬರದ ಹತ್ತು ದಿವಸಗಳಲ್ಲಿ ಹನ್ನೊಂದು ತೆಳುವಾದ ಪುಸ್ತಕಗಳನ್ನು ಅವರು ಓದಿ ಹಾಕಿದ್ದಾರೆ. ಇದರಿಂದ ಕನ್ನಡಕ್ಕೆ ಏನು ಸಂದಿತೆಂಬುದು ನನಗೆ ತಿಳಿಯಲಿಲ್ಲ.

ಈ ಪ್ರಾಂತದವರೇ ಆದ ಡಾ. ಆ. ನೇ. ಉಪಾಧ್ಯೆಯವರನ್ನು ಈ ಸಂದರ್ಭದಲ್ಲಿ ನೆನೆಯದೆ ಇರಲಾರೆನು. ೧೯೦೬ರಲ್ಲಿ ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ ಹುಟ್ಟಿ, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯನ್ನು ಕಲಿಸಿ, ೧೯೬೭ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷರಾದ ಈ ಮಹಾಶಯರು ಉದ್ಯೋತನಸೂರಿಯ ಪ್ರಾಕೃತ ‘ಕುವಲಯಮಾಲಾ’ವನ್ನು ಸಂಪಾದಿಸಿದರು. ಮೂಲದ ಭಾಗವು ೧೯೫೯ರಲ್ಲಿ ಅಚ್ಚಾಯಿತು. ಪ್ರಸ್ತಾವನೆ ಟಿಪ್ಪಣಿಗಳ ಭಾಗವು ೧೯೭೦ರಲ್ಲಿ. ನಡುವೆ ಹನ್ನೊಂದು ವರ್ಷ! ವಾರ್ಷಿಕ ವಹಿಯ ನಿಯಮದಂತೆ ಈ ಹನ್ನೊಂದು ವರ್ಷಗಳ ಲೆಕ್ಕದಲ್ಲಿ ಆ ಪುಸ್ತಕವು ಹತ್ತು ಸಲ ಸೊನ್ನೆಯಾಗಿ, ಒಮ್ಮೆ ಒಂದಾಗುವದು. ಮೂಲಗ್ರಂಥಕರ್ತನಾದ ಉದ್ಯೋತನಸೂರಿಯೂ ಕಾಲದ ವಿಷಯದಲ್ಲಿ ಬಹಳ ದಕ್ಷನು. ಶಕ ವರ್ಷ ಏಳುನೂರಕ್ಕೆ ಒಂದು ದಿವಸ ಕಡಿಮೆಯಿರುವಾಗ, ಎಂದರೆ ಕ್ರಿ. ಶ. ೭೭೯ರಲ್ಲಿ, ಜಾಲೋರಿನಲ್ಲಿ ಗ್ರಂಥವನ್ನು ಮುಗಿಸಿದೆನೆಂದು ಬರೆದಿಟ್ಟಿದ್ದಾನೆ. ಹೀಗೆ ಒಂದೇ ಒಂದು ದಿವಸವನ್ನೂ ಬಿಡದೆ ಎಣಿಸಿದವನು ತನ್ನ ಗ್ರಂಥದೊಳಗೆ ಪೇಟೆಯಲ್ಲಿ ಕೂಡಿದ ನಾನಾ ದೇಶದ ವರ್ತಕರ ರೂಪವನ್ನೂ, ಅವರವರ ಮಾತಿನ ಒಂದೆರಡು ಶಬ್ದಗಳನ್ನೂ ಗುರುತಿಸಿ ಇಟ್ಟನು. ಕರ್ಣಾಟಕದವರ ಮಾತೂ ಅದರಲ್ಲಿದೆ. ಅವನಲ್ಲಿ ತಾರೀಖೂ ಇದೆ, ಕಿವಿಯೂ ಇದೆ.

ಆರು ವಹಿಗಳಲ್ಲಿ ಒಂದನ್ನು ಮಾತ್ರ ನಾನು ಎರಡು ಸಲ ಓದಿದೆನು. ಅದು ರಾಯಬಾಗದ ಒಬ್ಬ ಗೃಹಿಣಿಯದು. ಅವರ ಗುರಿಯು ಇಪ್ಪತ್ತನಾಲ್ಕು, ಮುಟ್ಟಿದ್ದು ಹದಿನೇಳು. ಕಾರಂತರ ‘ಮರಳಿ ಮಣ್ಣಿಗೆ’ಯ ಹೆಸರು ಅಲ್ಲಿದೆ, ಆದರೆ ಅದರ ಮುಂದೆ ಅನುಕ್ರಮ ಸಂಖ್ಯೆಯಿಲ್ಲ. ಅಲ್ಲಿಯ ಟಿಪ್ಪಣಿಯ ತಾತ್ಪರ್ಯವಿಷ್ಟು: ಇದು ಮೂರನೆಯ ಸಲ, ಆದಕಾರಣ ಲೆಕ್ಕಕ್ಕೆ ಹಿಡಿದಿಲ್ಲ, ಮೊದಲನೆಯ ಸಲ ಮೊಮ್ಮಗ ರಾಮನಿಗಾಗಿ ಓದಿದ್ದೆ, ಈ ಸಲ ನಾಗವೇಣಿಗಾಗಿ ಓದಿದೆ. ನಾನು ಆ ಸಾಲಿನ ಬಳಿ ಬಹಳ ಹೊತ್ತು ನಿಂತೆನು. ಆ ಕಾದಂಬರಿಯ ಬಗ್ಗೆ ಇಷ್ಟು ಚಿಕ್ಕದಾದ, ಇಷ್ಟು ಸರಿಯಾದ ವಿಮರ್ಶೆಯನ್ನು ನಾನು ಹೆಚ್ಚಾಗಿ ಕಂಡಿಲ್ಲ. ಆದರೆ ವ್ರತದ ನಿಯಮದ ಪ್ರಕಾರ ಆ ವಾಚನವು ಸಂಖ್ಯೆಗೆ ಬೀಳಲಿಲ್ಲ, ಮತ್ತು ಆ ತಾಯಿಯು ತಾನು ಗುರಿ ಮುಟ್ಟಲಿಲ್ಲವೆಂದು ವಹಿಯ ಕೊನೆಗೆ ಬೇಸರದಿಂದ ಬರೆದಿದ್ದಾರೆ.

ಇದನ್ನು ಓದಿದಾಗ ನನಗೆ ನೆನಪಾದ ಸಂಗತಿಯನ್ನು ಹೇಳುವದು ನನಗೆ ಗೌರವದ ಮಾತಲ್ಲ. ಆದರೂ ವಹಿಗಳ ವಿಷಯದಲ್ಲಿ ಇಷ್ಟು ಮಾತಾಡಿದ ಮೇಲೆ ಮುಚ್ಚಿಡಲಿಕ್ಕೂ ಬಾರದು. ಸುಮಾರು ಮೂವತ್ತು ವರ್ಷಗಳ ಹಿಂದೆ ನಾನು ನಿಪ್ಪಾಣಿಯ ಕಡೆ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಿರುವಾಗ, ದೀಪಾವಳಿಯ ಸೂಟಿಯಲ್ಲಿ ಓದಿದ ಪುಸ್ತಕಗಳ ಯಾದಿಯನ್ನು ಬರೆದು ತರಬೇಕೆಂದು ಒಂಬತ್ತನೆಯ ಇಯತ್ತೆಯ ಹುಡುಗರಿಗೆ ಹೇಳಿದ್ದೆನು. ಹತ್ತು ಗುಣಗಳು. ಪುಸ್ತಕ ಹೆಚ್ಚಾದಂತೆ ಗುಣ ಹೆಚ್ಚು. ಒಬ್ಬನು ಇಪ್ಪತ್ತಮೂರು ಪುಸ್ತಕಗಳ ಯಾದಿಯನ್ನು ಮುತ್ತಿನಂಥ ಅಕ್ಷರಗಳಲ್ಲಿ ತಂದನು. ಅವನಿಗೆ ಹತ್ತಕ್ಕೆ ಹತ್ತು ಕೊಟ್ಟೆನು. ಇನ್ನೊಬ್ಬನು ತಂದದ್ದು ಒಂದೇ ಪುಸ್ತಕದ ಹೆಸರು, ‘ಚೋಮನ ದುಡಿ’. ಅದರ ಕೆಳಗೆ ಒಂದು ಪುಟ ತುಂಬ ಬರೆದಿದ್ದನು. ಅವನ ತಾಯಿಯೂ ಓಣಿಯ ಹೆಂಗಸರೂ ಮಧ್ಯಾಹ್ನ ಕೂಡಿ ಬೀಡಿ ಕಟ್ಟುವಾಗ ಇವನು ಆ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳಿದನಂತೆ. ದಿವಸಕ್ಕೆ ಸ್ವಲ್ಪ ಸ್ವಲ್ಪವಾಗಿ ಸೂಟಿಯೆಲ್ಲ ಅದೇ ಓದು. ಕಾಫಿ ತೋಟದ ಸಾಲವನ್ನು ತೀರಿಸಲಿಕ್ಕೆ ಚೋಮನ ಮಕ್ಕಳು ಘಟ್ಟ ಹತ್ತುವಲ್ಲಿಗೆ ಬಂದಾಗ ಅವನ ತಾಯಿಯು ಕೈಯೊಳಗಿನ ಎಲೆಯನ್ನು ಕೆಳಗಿಟ್ಟು, ‘ಆ ಸಾಲದ ವಹಿ ಚೋಮಗ ಯಾರರೆ ತೋರಿಸಿದ್ದರೇನು?’ ಎಂದು ಕೇಳಿದಳಂತೆ. ಹುಡುಗನಿಗೆ ಉತ್ತರ ಹೊಳೆಯಲಿಲ್ಲ. ಮರುದಿವಸ ಹಿಂದಿನ ಪುಟಗಳನ್ನೆಲ್ಲ ಮತ್ತೆ ಹುಡುಕಿದನಂತೆ. ಅದನ್ನೆಲ್ಲ ಹುಡುಗರ ಭಾಷೆಯಲ್ಲಿ, ಕಾಗುಣಿತದ ತಪ್ಪುಗಳೊಡನೆ ಬರೆದಿದ್ದನು. ತಾವು ಕಟ್ಟಿದ ಬೀಡಿಗಳಲ್ಲಿ ಎಷ್ಟು ಪಾಸಾದವು, ಎಷ್ಟು ತೆಗೆದುಹಾಕಲ್ಪಟ್ಟವು ಎಂಬ ಲೆಕ್ಕವನ್ನು ಪರರ ವಹಿಯಲ್ಲಿ ಬರೆಯಿಸಿಕೊಂಡು ಬರುವ ಹೆಂಗಸರಿಗೇ ಹೊಳೆಯಬಹುದಾದ ಪ್ರಶ್ನೆಯು ಅದು. ನಾನು ಆ ಕಾದಂಬರಿಯನ್ನು ಹಲವು ಸಲ ಪಾಠ ಹೇಳಿದ್ದೆನು. ನನಗೆ ಎಂದೂ ಹೊಳೆದಿರಲಿಲ್ಲ.

ಆ ಹುಡುಗನಿಗೆ ಮೂರು ಗುಣಗಳನ್ನು ಕೊಟ್ಟೆನು. ಪುಸ್ತಕವು ಒಂದೇ, ಕಾಗುಣಿತವು ಅಶುದ್ಧ.

ಇಪ್ಪತ್ತಮೂರರ ಯಾದಿಯು ಶಾಲೆಯ ಕಪಾಟಿನ ನೋಂದಣಿಯಿಂದ ಸಾಲಾಗಿ ಇಳಿಸಿಕೊಂಡದ್ದೆಂಬುದು ಕೆಲವು ತಿಂಗಳ ಮೇಲೆ, ಆ ನೋಂದಣಿಯನ್ನು ತಪಾಸು ಮಾಡುವಾಗ ನನ್ನ ಕಣ್ಣಿಗೆ ಬಿದ್ದಿತು. ನಡುವೆ ಕಳೆದುಹೋಗಿದ್ದ ಒಂದು ಪುಸ್ತಕದ ಹೆಸರೂ ಯಾದಿಯಲ್ಲಿ ತನ್ನ ಸ್ಥಾನವನ್ನು ಬಿಟ್ಟಿರಲಿಲ್ಲ. ಗುಣಗಳನ್ನು ಬದಲಿಸಲಿಕ್ಕೆ ಆಗ ಅವಕಾಶವಿತ್ತು. ಬದಲಿಸಲಿಲ್ಲ, ತರಗತಿಯ ಮುಂದೆ ತಪ್ಪು ಒಪ್ಪಿಕೊಳ್ಳಲಿಕ್ಕೆ ನಾಚಿಕೆಯಾಯಿತು. ಮರುವರ್ಷವೂ ಯಾದಿಯನ್ನು ತರಿಸಿದೆನು. ಯಾದಿ ಕಳ್ಳನನ್ನು ನಾನೇ ತಯಾರಿಸಿದ್ದೆನೆಂಬುದು ಆ ಕಾಲಕ್ಕೆ ನನಗೆ ತೋರಿದ್ದರೂ ತೋರಿಸಿಕೊಳ್ಳಲಿಲ್ಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿ ಸ್ವಾಧ್ಯಾಯಕ್ಕೆ ಐದು ಅಂಗಗಳು ಹೇಳಲ್ಪಟ್ಟಿವೆ: ವಾಚನ, ಪೃಚ್ಛನ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಓದುವದು, ಕೇಳುವದು, ಮನಸ್ಸಿನಲ್ಲಿ ತಿರುವುವದು, ಶುದ್ಧವಾಗಿ ಆವರ್ತಿಸುವದು, ಪರರಿಗೆ ಹೇಳುವದು. ಬೀಡಿ ಕಟ್ಟುವವರ ಆ ಓಣಿಯಲ್ಲಿ ಇವುಗಳಲ್ಲಿ ನಾಲ್ಕಾದರೂ ನಡೆದಿದ್ದವು. ನನ್ನ ಗುಣಪತ್ರಿಕೆಯಲ್ಲಿ ಇದ್ದದ್ದು ಮೊದಲನೆಯದೊಂದೇ. ಆ ಹುಡುಗನು ಹತ್ತನೆಯ ಇಯತ್ತೆಯ ಮೇಲೆ ಶಾಲೆಯನ್ನು ಬಿಟ್ಟನು. ಆ ಪುಟವನ್ನು ನಾನು ತಿದ್ದಿ ಅವನಿಗೆ ಮರಳಿ ಕೊಟ್ಟಿದ್ದೆನು.

ನನ್ನ ಸ್ವಂತದ ವಹಿಯ ಸ್ಥಿತಿಯನ್ನೂ ಹೇಳಿ ಮುಗಿಸುವೆನು. ಪಾಠಶಾಲೆಯಲ್ಲಿ ನಾನು ಮಹಾಭಾಷ್ಯದ ಮೊದಲಿನ ಒಂಬತ್ತು ಆಹ್ನಿಕಗಳನ್ನು ಮಾತ್ರ ಓದಿದ್ದೆನು. ನವಾಹ್ನಿಕವಾದರೆ ಸಾಕೆಂದು ಅಲ್ಲಿಯೇ ನಿಲ್ಲುವವರು ಬಹಳ. ನಿವೃತ್ತಿಯಾದ ಮೇಲೆ ಉಳಿದ ೭೬ ಆಹ್ನಿಕಗಳನ್ನು ಒಂದು ಶ್ರಾವಣದಿಂದ ಮತ್ತೊಂದು ಶ್ರಾವಣದೊಳಗೆ ಮುಗಿಸಬೇಕೆಂದು ಸಂಕಲ್ಪಿಸಿದೆನು. ಅವಧಿಯು ಮುಗಿಯುವಾಗ ವಹಿಯಲ್ಲಿ ೫೪ರ ಮುಂದೆ ತಾರೀಖುಗಳು ಬಿದ್ದಿದ್ದವು. ಆ ಗೃಹಿಣಿಯ ವಹಿಯನ್ನು ಓದಿದ ನಂತರ ನನ್ನದನ್ನು ತೆಗೆದು, ಒಂದೊಂದು ಆಹ್ನಿಕದ ಹೆಸರನ್ನು ನೋಡಿ, ಗ್ರಂಥವನ್ನು ಮುಚ್ಚಿಟ್ಟು, ಅದರಲ್ಲಿಯ ಮುಖ್ಯ ವಾದವನ್ನು ಮನೆಯವರಿಗೆ ಕನ್ನಡದಲ್ಲಿ ಹೇಳಲು ಪ್ರಯತ್ನಿಸಿದೆನು. ಅವರು ವ್ಯಾಕರಣ ಓದಿದವರಲ್ಲ. ಆದರೆ ತಿಳಿಯದಿದ್ದರೆ ತಿಳಿಯಲಿಲ್ಲವೆಂದು ಸ್ಪಷ್ಟವಾಗಿ ಹೇಳುವವರು. ಹೇಳಲಾಗದವುಗಳ ಮೇಲೆ ಗೆರೆ ಎಳೆದೆನು. ಅವುಗಳಲ್ಲಿ ಬಹಳಷ್ಟು, ಗಡುವನ್ನು ಹಿಡಿಯಲೆಂದು ದಿವಸಕ್ಕೆ ಎರಡರಂತೆ ಓದಿದ ಚೈತ್ರ ವೈಶಾಖಗಳವು. ಇಂದಿಗೆ ವಹಿಯಲ್ಲಿ ೩೧ ನಿಂತಿವೆ. ಎದುರಿನ ಪುಟವನ್ನು ಅವರು ಕೇಳಿದ ಪ್ರಶ್ನೆಗಳಿಗಾಗಿ ಖಾಲಿ ಬಿಟ್ಟಿದ್ದೆನು. ಅದರಲ್ಲಿ ಈಗ ಹನ್ನೆರಡು ಪ್ರಶ್ನೆಗಳಿವೆ, ಐದಕ್ಕೆ ಇನ್ನೂ ಉತ್ತರ ಬರೆದಿಲ್ಲ. ರಾಯಬಾಗದ ವಹಿಯನ್ನು ಮರಳಿ ಕಳಿಸುವಾಗ ‘ಮರಳಿ ಮಣ್ಣಿಗೆ’ಯ ಮುಂದೆ ಪೆನ್ಸಿಲಿನಿಂದ ಹದಿನೆಂಟು ಎಂದು ಬರೆದು ಕಳಿಸಿದ್ದೇನೆ.